ಮೂಡಿಗೆರೆ ಹೋಂಸ್ಟೇ ನೈಟ್ ವಾಕ್, ಜಪಾನಿನ ದೆವ್ವದ ಕಥೆಗೋಸ್ಕರನಾದ್ರೂ ಹೋಗ್ಬನ್ನಿ

ಜುಲೈ ಕೊನೇ ವಾರ ಮೂಡಿಗೆರೆ ಹತ್ರ ಒಂದು ಎಸ್ಟೇಟ್ ಹೋಂಸ್ಟೇಲಿ ಎರಡು ರಾತ್ರಿ ಇದ್ವಿ, ರೂಮು ಕ್ಲೀನಾಗಿತ್ತು, ಕಡುಬಿನ ಜೊತೆ ಕಳಲೆ ಪಲ್ಯ ಮಾಡಿದ್ರಲ್ಲ ಅದನ್ನಂತೂ ಮೂರು ಸಲ ಹಾಕಿಸ್ಕೊಂಡೆ, ಆದ್ರೆ ಬರೀಲೇಬೇಕು ಅನ್ಸಿದ್ದು ಅವ್ರ ನೈಟ್ ವಾಕ್ ಬಗ್ಗೆ. ತಲೆಗೆ 300 ರೂಪಾಯಿ, ಊಟ ಆದ್ಮೇಲೆ ಒಂದು ಗಂಟೆ ತೋಟದೊಳಗೇ ಸುತ್ತಾಟ. ಆನೆ ಬಂದಿದೆ ಅಂತ ಸುದ್ದಿ ಇದ್ರೆ ಕರ್ಕೊಂಡು ಹೋಗಲ್ಲ, ಮೊದಲ್ನೇ ರಾತ್ರಿ ನಮ್ಗೂ ಹಂಗೇ ಆಯ್ತು.

ಜೊತೆಗೆ ಬಂದಿದ್ದು ಆ ಮನೆ ಮಗಳು, ಜಪಾನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದೋರು. ಸಿಲ್ವರ್ ಓಕ್ ಸಾಲಿನ ಹತ್ರ ಎಲ್ರ ಟಾರ್ಚೂ ಆಫ್ ಮಾಡ್ಸಿ ಸುಮ್ನೆ ನಡೀರಿ ಅಂದ್ರು. ಮಳೆ ನಿಂತಿತ್ತು, ಎಲೆಯಿಂದ ನೀರು ತೊಟ್ಟಿಕ್ಕೋ ಸದ್ದು, ಅದರ ಮಧ್ಯೆ ಕೆಸರಲ್ಲಿ ನಮ್ಮ ಗಮ್‌ಬೂಟಿನ ಪಚಕ್ ಪಚಕ್. ನಾವು ನಿಂತ್ರೂ ಹಿಂದೆ ಇನ್ನೊಂದು ಪಚಕ್ ಕೇಳಿಸ್ದಂಗಾಯ್ತು, ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ರು. ಆಗ ಆ ಮನೆ ಮಗಳು ಶುರು ಮಾಡಿದ್ರು ಬೆತೊಬೆತೊ ಸಾನ್ ಕಥೆ. ಜಪಾನಿನ ನಾರಾ ಕಡೆ ರಾತ್ರಿ ಒಬ್ರೇ ಹೋಗ್ತಿದ್ರೆ ಹಿಂದೆ ಹೆಜ್ಜೆ ಸದ್ದು ಬರುತ್ತಂತೆ, ತಿರುಗಿ ನೋಡಿದ್ರೆ ಯಾರೂ ಇಲ್ಲ, ಏನೂ ಕೆಡುಕು ಮಾಡಲ್ಲ, ಹೆದರ್ಸುತ್ತೆ ಅಷ್ಟೇ. ದಾರಿ ಪಕ್ಕ ಸರಿದು "ಬೆತೊಬೆತೊ ಸಾನ್, ನೀವು ಮುಂದೆ ಹೋಗಿ" ಅಂದ್ರೆ ಸದ್ದು ನಿಂತ್ಹೋಗುತ್ತಂತೆ. ಸಾನ್ ಅಂದ್ರೆ ನಾವು ಹೆಸರಿನ ಜೊತೆ "ಅವ್ರು" ಅಂತೀವಲ್ಲ ಹಂಗೆ. ನಮ್ಮಲ್ಲಿ ಬಾಗ್ಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು, ಅವ್ರು ದೆವ್ವಕ್ಕೂ ಬಹುವಚನ ಕೊಟ್ಟು ದಾರಿ ಬಿಡ್ತಾರೆ, ನನಗೆ ಇದು ತುಂಬಾನೇ ಇಷ್ಟ ಆಯ್ತು.

ಮುಂದೆ ಮಂಜು ಅಡ್ಡ ಬಂದಾಗ ನುರಿಕಾಬೆ ಕಥೆ. ಫುಕುಓಕಾ ಕಡೆಯ ಕಣ್ಣಿಗೆ ಕಾಣದ ಗೋಡೆ ಅದು, ದಾರೀಲಿ ಹೋಗೋರನ್ನ ತಡೆದು ನಿಲ್ಸುತ್ತೆ, ಮೇಲ್ಗಡೆ ಬಡಿದ್ರೆ ಪ್ರಯೋಜನ ಇಲ್ಲ, ಕೋಲಿಂದ ಬುಡ ಬಡೀಬೇಕು. ಕಾಮಿಕ್ಸ್ ಬರೀತಿದ್ದ ಮಿಝುಕಿ ಶಿಗೆರು (1922–2015) ಎರಡನೇ ಮಹಾಯುದ್ಧದ ಕಾಲದಲ್ಲಿ ಈಗಿನ ಪಪುವಾ ನ್ಯೂಗಿನಿಯ ರಬೌಲ್ ಕಡೆ ಕಾಡಲ್ಲಿ ತಮಗೇ ಇಂಥದ್ದು ಅಡ್ಡ ಆಗಿತ್ತು ಅಂತ ಹೇಳ್ಕೊಂಡಿದ್ರಂತೆ. ಅಮ್ಮನೂ ಬಿಡ್ಲಿಲ್ಲ, ದಾರಿ ತಪ್ಸೋ ಬಳ್ಳಿ, ಕೊಳ್ಳಿದೆವ್ವ ಎಲ್ಲಾ ಹೇಳಿದ್ರು, ಆ ಮನೆ ಮಗಳು ನಿಂತು ಆಸೆಯಿಂದ ಕೇಳಿಸ್ಕೊಂಡ್ರು.

ಬೇಜಾರಾಗಿದ್ದು ಒಂದೇ, ಇಂಬಳದ (ಜಿಗಣೆ) ಬಗ್ಗೆ ಮೊದ್ಲೇ ಹೇಳ್ಲಿಲ್ಲ, ಬೂಟೊಳಗೆ ಎರಡು ಸೇರ್ಕೊಂಡು ಸಾಕ್ಸೆಲ್ಲ ರಕ್ತ. ಮಳೆಗಾಲದಲ್ಲಿ ಹೋಗೋರು ಉಪ್ಪಿನ ಪೊಟ್ಟಣ ನೀವೇ ಇಟ್ಕೊಳ್ಳಿ, ಉದ್ದ ಸಾಕ್ಸ್ ಹಾಕ್ಕೊಳ್ಳಿ.