ಪ್ಯಾಚ್ ಹಿಂದಿನ ಗಮ್ ತೆಗೆಸೋಕೆ ಡ್ರೈಕ್ಲೀನಿಂಗ್‌ಗೆ ಕೊಡಬೇಡಿ

ಕೊಡಬೇಡಿ. ಹಳೇ ಮಿಲಿಟರಿ ಪ್ಯಾಚ್, ಅಂದರೆ ಸೈನಿಕರ ಸಮವಸ್ತ್ರಕ್ಕೆ ಹೊಲಿಯುವ ಬಟ್ಟೆಯ ಗುರುತು, ಇಟ್ಟುಕೊಂಡವರು ಯಾರೂ ಕೊಡಬೇಡಿ. ನಾನು ಕೊಟ್ಟು ಕೆಟ್ಟೆ.

ನನ್ನದು ರೆಡ್ ಈಗಲ್. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ, ಆಮೇಲೆ 1944ರಲ್ಲಿ ಇಟಲಿಯ ಕಸ್ಸಿನೋದಲ್ಲಿ ಕಾದಾಡಿದ 4ನೇ ಇಂಡಿಯನ್ ಡಿವಿಷನ್‌ನ ಗುರುತು. ಕಪ್ಪು ಬಟ್ಟೆ, ಮೇಲೆ ಕೆಂಪು ದಾರದ ಹದ್ದು. 2,800 ರೂಪಾಯಿ ಕೊಟ್ಟು ತಂದಿದ್ದೆ. ನಾಚಿಕೆ ಬಿಟ್ಟು ಹೇಳ್ತೀನಿ, ಅದನ್ನು ಡಬಲ್ ಟೇಪ್ ಹಾಕಿ ಆಲ್ಬಮ್‌ಗೆ ಅಂಟಿಸಿದವನು ನಾನೇ. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ಲ? ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಇಳಿದು ಹಿಂದಿನ ದಾರಕ್ಕೆಲ್ಲ ಮೆತ್ತಿಕೊಂಡಿತ್ತು.

ಡ್ರೈಕ್ಲೀನಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಉಗುರಲ್ಲಿ ಕೆರೆದು ನೋಡಿದ. "ಜರಿ ಸೀರಿ ಮ್ಯಾಲಿನ ಕಲಿನೇ ತೆಗೀತೀವ್ರಿ, ಇದೇನ್ ದೊಡ್ಡದು" ಅಂದ. ಏನು ಹಾಕಿ ತೆಗೀತೀರಿ ಅಂತ ಕೇಳಿದೆ. "ಅದೆಲ್ಲ ನಮಗ ಬಿಡ್ರಿ." ಬಿಟ್ಟೆ. ಅಲ್ಲೇ ಎದ್ದು ಬರಬೇಕಿತ್ತು.

ಎರಡು ದಿನ ಬಿಟ್ಟು ಹೋದರೆ ಪೇಪರ್ ಬಿಚ್ಚಿ ಪ್ಯಾಚ್‌ನ ಹಿಂಭಾಗ ತೋರಿಸಿದ. ಹಿಂಭಾಗ ಮಾತ್ರ! ಗಮ್ ಇಲ್ಲ, ಸ್ವಚ್ಛ. ಥಿನ್ನರ್ ವಾಸನೆ ಬರ್ತಿತ್ತು, ಆದರೂ ಖುಷಿಯಲ್ಲಿ 300 ಎಣಿಸಿ ಕೊಟ್ಟೆ. ತಿರುಗಿಸಿ ನೋಡಲೇ ಇಲ್ಲ. ಇಷ್ಟು ವರ್ಷ ಪ್ಯಾಚ್ ಕೂಡಿಸಿದವನು, ತಿರುಗಿಸಿ ನೋಡಲಿಲ್ಲ!

ಮನೆಯಲ್ಲಿ ನೋಡ್ತೀನಿ, ಹದ್ದಿನ ರೆಕ್ಕೆ ಸುತ್ತ ಕೆಂಪು ಹರಡಿದೆ. ಕಪ್ಪು ಬಟ್ಟೆ ಬೂದಿ ಬಣ್ಣ. ಥಿನ್ನರ್‌ಗೆ ಕರಗಿದ ಅಂಟು ಬಟ್ಟೆಯೊಳಗೆ ಇಳಿದಿದೆ, ಮೇಲೆ ಇಸ್ತ್ರಿ ಬೇರೆ ಒತ್ತಿದ್ದಾನೆ. ಎಳೆ ಎಳೆ ಎದ್ದು ಕಾಣ್ತಿದ್ದ ಕಸೂತಿ ಈಗ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಹೊಲಿಗೆ ಸಂದಿಯಲ್ಲಿ ಅಂಟು ಮಿಣಮಿಣ ಹೊಳೀತಿದೆ.

ವಾಪಸ್ ಓಡಿದೆ. "ನಿಮ್ಮದು ಡೂಪ್ಲಿಕೇಟ್ ಇತ್ರಿ, ಅದಕ್ಕ ಬಣ್ಣ ಬಿಟ್ಟದ" ಅಂದ. ನನ್ನ ಪ್ಯಾಚ್ ಡೂಪ್ಲಿಕೇಟಂತೆ! ತಗೊಳ್ಳುವಾಗಲೇ ಯುವಿ ಟಾರ್ಚ್ ಬಿಟ್ಟು ನೋಡಿದ್ದೆ, ಹೊಸ ಪಾಲಿಯೆಸ್ಟರ್ ದಾರದ ಥರ ಒಂದೆಳೆಯೂ ಮಿನುಗಿರಲಿಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ. "ಹಳೀ ಅರಬಿ ಹಂಗ ಇರ್ತದ್ರಿ" ಅಂದ. ಒಂದು ನಿಮಿಷದ ಹಿಂದೆ ಡೂಪ್ಲಿಕೇಟ್, ಈಗ ಹಳೇದು!

ನೀವೇ ತೆಗೀರಿ. ಕವರ್‌ನಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಗಮ್ ಗಟ್ಟಿಯಾದರೆ ಮೊಂಡು ಚಾಕುವಿನಲ್ಲಿ ಹಿಂದಿನಿಂದ ಮೆಲ್ಲಗೆ ಎಬ್ಬಿಸಿ. ಪೂರ್ತಿ ಬರದಿದ್ದರೆ ಇರಲಿ ಬಿಡಿ, ಹಿಂಭಾಗ ಯಾರು ನೋಡ್ತಾರೆ? ಥಿನ್ನರ್, ಅಸಿಟೋನ್ ಬೇಡ. ಅಸಿಟೇಟ್ ಅನ್ನೋ ಕೃತಕ ದಾರ ಇದ್ದರೆ ಅಸಿಟೋನ್‌ಗೆ ಕರಗಿಯೇ ಹೋಗ್ತದೆ. ಇಸ್ತ್ರಿ ಅಂತೂ ಬೇಡವೇ ಬೇಡ.

ನಿನ್ನೆ ಅವನೇ ಫೋನ್ ಮಾಡಿದ. ರೊಕ್ಕ ವಾಪಸ್ ಕೊಡ್ತಾನೇನೋ ಅಂದುಕೊಂಡೆ. "ಕಂಪ್ಯೂಟರ್ ಎಂಬ್ರಾಯ್ಡರಿದಾಗ ಹೊಸಾದು ಮಾಡಿಸ್ಕೊಡ್ಲೇನ್ರಿ? ಗಿಳಿ ಅಲ್ರಿ ಅದು?"