ಪ್ಯಾಡಲ್ ಉಜ್ಜುವ ರಬ್ಬರ್: 14 ತಿಂಗಳ ಬಳಕೆಯ ನಂತರ

ಪಿಕಲ್‌ಬಾಲ್ ಅಂದರೆ ನೆಟ್ ಮೇಲಿಂದ ಪ್ಲಾಸ್ಟಿಕ್ ಚೆಂಡು ಹೊಡೆದಾಡುವ ಆಟ, ಅದರ ಚಪ್ಪಟೆ ಬ್ಯಾಟೇ ಪ್ಯಾಡಲ್. ಪ್ಯಾಡಲ್‌ಗಳ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ನಾನು ಬರೆಯುತ್ತಿರುವುದು ಅದನ್ನು ಉಜ್ಜುವ ರಬ್ಬರ್ ತುಂಡಿನ ಬಗ್ಗೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ನೋಡಲು ಬೆಲ್ಲದ ಅಚ್ಚಿನ ಹಾಗೆ. 380 ರೂಪಾಯಿ ಕೊಟ್ಟು ತರಿಸಿದೆ. ಪ್ಯಾಡಲ್ ಕ್ಲೀನ್ ಇರಲಿ ಅಂತ ತೆಗೆದುಕೊಂಡಿದ್ದು. ಕೊನೆಗೆ ನನ್ನ ಹೊಡೆತ ಸರಿಯಾಗಿದ್ದೂ ಅದರಿಂದಲೇ.

ನಾವು ಆಡುವುದು ಮುಂಬೈಯ ಮುಲುಂಡ್‌ನ ನಮ್ಮ ಸೊಸೈಟಿಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿಗೂ ಪಿಕಲ್‌ಬಾಲ್ ಕೋರ್ಟಿಗೂ ಅಳತೆ ಒಂದೇ, 20 ಅಡಿ ಅಗಲ, 44 ಅಡಿ ಉದ್ದ. ನೆಟ್ ಕೆಳಗಿಳಿಸಿ, ಎರಡೂ ಕಡೆ ನೆಟ್ಟಿನಿಂದ 7 ಅಡಿಗೆ ಕಿಚನ್ ಗೆರೆಯ (ನೆಟ್ ಪಕ್ಕದ ಜಾಗಕ್ಕೆ ಕಿಚನ್ ಅನ್ನುತ್ತಾರೆ) ಟೇಪ್ ಅಂಟಿಸಿದರೆ ಆಯಿತು. ಬೆಳಿಗ್ಗೆ ಆರಕ್ಕೆ ಇಳಿದರೆ ಲೋಕಲ್ ಹಿಡಿಯುವ ಹೊತ್ತಿಗೆ ಮೂರು ಗೇಮ್ ಆಗುತ್ತದೆ.

ಮೊದಲ ಕೆಲವು ತಿಂಗಳು ಚೆಂಡು ನನ್ನ ಪ್ಯಾಡಲ್ ಮೇಲೆ ಕೂರುತ್ತಲೇ ಇರಲಿಲ್ಲ. ಡಿಂಕ್, ಅಂದರೆ ಚೆಂಡು ನೆಟ್ ದಾಟಿ ಹತ್ತಿರವೇ ಬೀಳುವಂಥ ಮೆಲ್ಲನೆಯ ಹೊಡೆತ, ಮಾಡಲು ಹೋದರೆ ಒಂದು ಸಲ ಮೇಲಕ್ಕೆ ಹಾರುತ್ತಿತ್ತು, ಇನ್ನೊಂದು ಸಲ ನೆಟ್ಟಿಗೆ ಬೀಳುತ್ತಿತ್ತು. ಹೊಡೆದಾಗ ಪ್ಯಾಡಲ್ ಕೈಯಲ್ಲೇ ಅದುರಿದ ಹಾಗಾಗುತ್ತಿತ್ತು. ಇನ್ನೂ ದುಬಾರಿ ಪ್ಯಾಡಲ್ ಬೇಕೇನೋ ಅಂತ ಬೆಲೆ ನೋಡಿಯೂ ಇಟ್ಟಿದ್ದೆ.

ರಬ್ಬರ್ ಬಂದ ಮೇಲೆ ಆಟ ಮುಗಿಸಿ ಕಟ್ಟೆಯ ಮೇಲೆ ಕೂತು ಉಜ್ಜುವುದು ದಿನದ ಕೆಲಸವಾಯಿತು. ಮೊದಲು ಒಣ ಬಟ್ಟೆಯಿಂದ ಬೆವರು ಒರೆಸಬೇಕು. ಆಮೇಲೆ ಮೇಲಿಂದ ಕೆಳಕ್ಕೆ, ಹೆಚ್ಚು ಒತ್ತದೆ ಎಳೆಯಬೇಕು. ಚೆಂಡಿನ ಪ್ಲಾಸ್ಟಿಕ್ ಪುಡಿ ರಬ್ಬರಿಗೆ ಹತ್ತಿಕೊಂಡು, ಶ್ಯಾವಿಗೆಯ ಸಣ್ಣ ಚೂರಿನ ಹಾಗೆ ಸುರುಳಿ ಸುರುಳಿಯಾಗಿ ಉದುರುತ್ತದೆ. ಎರಡು ನಿಮಿಷದಲ್ಲಿ ಪ್ಯಾಡಲ್‌ನ ಕಾರ್ಬನ್ ಮುಖ ಮತ್ತೆ ಕಪ್ಪಾಗುತ್ತದೆ. ಬೆರಳಾಡಿಸಿದರೆ ಸಣ್ಣಗೆ ತರಿತರಿ ಸಿಗುತ್ತದೆ. ಈ ಎರಡು ನಿಮಿಷ ನನಗೆ ಆಟದಷ್ಟೇ ಇಷ್ಟ.

ಒಂದು ದಿನ ಉಜ್ಜುವ ಮುಂಚೆ ಅತ್ತಿಗೆ ಪ್ಯಾಡಲ್ ಕೈಗೆ ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದರು.

"ಇಲ್ಲಿ ನೋಡು ಮಾರಾಯ, ಮಧ್ಯದಲ್ಲಿ ಏನೂ ಇಲ್ಲ. ಬಾಲ್ ಎಲ್ಲಾ ತುದಿಗೋ ಬುಡಕ್ಕೋ ತಾಗ್ತಾ ಉಂಟು."

ನಿಜ. ಕಪ್ಪು ಕಾರ್ಬನ್ ಮೇಲೆ ಚೆಂಡಿನ ಹಳದಿ ಮಸುಕು ಎರಡು ಕಡೆ ಗುಂಪಾಗಿತ್ತು. ಒಂದು ಪ್ಯಾಡಲ್‌ನ ತುದಿಯಲ್ಲಿ, ಇನ್ನೊಂದು ಹಿಡಿಯ ಹತ್ತಿರ. ನಡುವಿನ ಜಾಗ ಹೊಸ ಪ್ಯಾಡಲ್ ಹಾಗೆ ಸ್ವಚ್ಛ. ಅಷ್ಟು ದಿನ ಅದನ್ನು ಕೊಳೆ ಅಂತ ಸುಮ್ನೆ ಅಳಿಸಿ ಹಾಕುತ್ತಿದ್ದೆ. ಚೆಂಡು ಎಲ್ಲಿ ತಾಗುತ್ತಿದೆ ಅನ್ನುವ ನಕ್ಷೆಯೇ ಅದು, ಅಲ್ವಾ!

ಮರುದಿನದಿಂದ ಉಜ್ಜುವ ಕೆಲಸ ಆಟದ ಮೊದಲಿಗೆ ಬಂತು. ಪೂರ್ತಿ ಉಜ್ಜಿ, ಫೋರ್‌ಹ್ಯಾಂಡಿನಲ್ಲಿ ಮಾತ್ರ 50 ಡಿಂಕ್. ನಿಲ್ಲಿಸಿ ನೋಡುವುದು. ಮತ್ತೆ ಉಜ್ಜಿ ಬ್ಯಾಕ್‌ಹ್ಯಾಂಡಿನಲ್ಲಿ 50. ಒಂದೇ ವಾರದಲ್ಲಿ ತಪ್ಪು ಬೇರೆ ಬೇರೆಯಾಗಿ ಕಾಣಿಸಿತು. ಫೋರ್‌ಹ್ಯಾಂಡಿನಲ್ಲಿ ಕಾಲು ಇಡದೆ ಕೈ ಮಾತ್ರ ಚಾಚುತ್ತಿದ್ದೆ, ಅದಕ್ಕೇ ತುದಿಯ ಕಲೆ. ಬ್ಯಾಕ್‌ಹ್ಯಾಂಡಿನಲ್ಲಿ ಚೆಂಡು ಮೈಗೆ ತೀರಾ ಹತ್ತಿರ ಬರುವ ತನಕ ಕಾಯುತ್ತಿದ್ದೆ, ಅದಕ್ಕೆ ಹಿಡಿಯ ಹತ್ತಿರದ ಕಲೆ. ನಡು ಬಿಟ್ಟು ತುದಿಗೋ ಬುಡಕ್ಕೋ ತಾಗಿದರೆ ಪ್ಯಾಡಲ್ ಅದುರುತ್ತದೆ. ಅದುರುತ್ತದೆ ಅಂತ ನಾವು ಹಿಡಿತ ಬಿಗಿ ಮಾಡುತ್ತೇವೆ. ಬಿಗಿ ಹಿಡಿತದಲ್ಲಿ ಮೆಲ್ಲನೆಯ ಹೊಡೆತ ಬರುವುದೇ ಇಲ್ಲ.

ಹಾಗಾಗಿ ಮೊದಲು ಒಂದು ಸಣ್ಣ ಹೆಜ್ಜೆ. ಚೆಂಡನ್ನು ಮೈಯ ಮುಂದೆಯೇ ಎದುರಿಸುವುದು. ಪ್ಯಾಡಲ್ ಹಿಂದಕ್ಕೆ ಜಾಸ್ತಿ ಎಳೆಯದೆ ಭುಜದಿಂದ ತಳ್ಳುವುದು. ಚೆಂಡು ತಾಗುವ ತನಕ ತಲೆ ಎತ್ತದಿರುವುದು. ಕೊನೆಯದ್ದೇ ನನಗೆ ಕಷ್ಟವಾಗಿದ್ದು, ಎದುರಿನವರು ಎಲ್ಲಿದ್ದಾರೆ ಅಂತ ಕಣ್ಣು ಮೊದಲೇ ಓಡುತ್ತಿತ್ತು. ಮೂರು ತಿಂಗಳಿಗೆ ಎರಡು ಕಲೆಗಳೂ ಒಳಗೆ ಸರಿದು, ನಡುವಿನಲ್ಲಿ ಅಂಗೈಯಗಲದ ಒಂದೇ ಮಸುಕಾಯಿತು. ಶಬ್ದವೂ ಬದಲಾಯಿತು. ಮುಂಚೆ ತಗಡಿಗೆ ಬಡಿದ ಹಾಗೆ 'ಚಟ್' ಅನ್ನುತ್ತಿದ್ದದ್ದು ಈಗ 'ಟೊಕ್' ಅನ್ನುತ್ತದೆ, ಕೈಗೆ ನಡುಕವೇ ಬರುವುದಿಲ್ಲ. ದುಬಾರಿ ಪ್ಯಾಡಲ್ ಕೊಳ್ಳುವ ಯೋಚನೆ ಬಿಟ್ಟೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಜುಲೈ ಬಂತು. ಮುಂಬೈ ಮಳೆಗಾಲದಲ್ಲಿ ಒದ್ದೆ ಟವೆಲ್ ಜೊತೆ ಚೀಲದಲ್ಲಿ ಇಟ್ಟಿದ್ದಕ್ಕೆ ರಬ್ಬರಿನ ಮೈ ಅಂಟಂಟಾಗಿ, ನೂಲಿನ ಎಳೆಯೆಲ್ಲಾ ಮೆತ್ತಿಕೊಂಡಿತು. ಉಜ್ಜಿದರೆ ಕಲೆ ಹೋಗುವ ಬದಲು ಹರಡುತ್ತಿತ್ತು. ಮೇಲಿನ ಪದರವನ್ನು ಚಾಕುವಿನಿಂದ ಕತ್ತರಿಸಿ ತೆಗೆದ ಮೇಲೆ ಸರಿಯಾಯಿತು. ಈಗ ಅದಕ್ಕೆ ಬೇರೆ ಡಬ್ಬಿ ಇದೆ.

ನಿಜವಾಗಿ ಬೇಸರ ತಂದಿದ್ದು ಪ್ಯಾಕೆಟ್ ಮೇಲಿನ ಮಾತು. ಹೊಸ ಪ್ಯಾಡಲಿನ ಸ್ಪಿನ್ ಮರಳಿ ಬರುತ್ತದೆ ಅಂತ ಬರೆದಿದ್ದರು. ಚೆಂಡಿಗೆ ಸ್ಪಿನ್ ಕೊಡುವುದು ಮುಖದ ಮೇಲಿನ ತರಿ. ಅದರ ಸಂದಿಯಲ್ಲಿ ಕೂತ ಪುಡಿಯನ್ನು ಈ ರಬ್ಬರ್ ತೆಗೆಯುತ್ತದೆ, ಸವೆದ ತರಿಯನ್ನು ಬೆಳೆಸುವುದಿಲ್ಲ. ಹತ್ತನೇ ತಿಂಗಳಿಗೆ ನನ್ನ ಪ್ಯಾಡಲ್‌ನ ನಡುಭಾಗ ನುಣುಪಾಯಿತು. ಎಷ್ಟು ಉಜ್ಜಿದರೂ ಅಷ್ಟೇ. ಜನ ನಂಬಿ ದುಡ್ಡು ಕೊಡುತ್ತಾರೆ, ಹಾಗೆ ಬರೆಯಬಾರದಿತ್ತು. ಸ್ಯಾಂಡ್‌ಪೇಪರ್ ಹಾಕಿ ಒರಟು ಮಾಡಲು ಮಾತ್ರ ಯಾರೂ ಹೋಗಬೇಡಿ. ಆಟದ ನಿಯಮಕ್ಕೆ ಅದು ವಿರುದ್ಧ, ಪ್ಯಾಡಲ್ ಕೂಡ ಹಾಳು.

ಇನ್ನೊಂದು ವಿಷಯ. ನಿಮ್ಮ ಪ್ಯಾಡಲ್ ಮುಖ ನುಣುಪಾದ ಫೈಬರ್‌ಗ್ಲಾಸ್ ಆಗಿದ್ದರೆ ಇದು ಬೇಡ, ಒದ್ದೆ ಬಟ್ಟೆ ಸಾಕು. ಕಾರ್ಬನ್ ತರಿಯ ಮುಖ ಇದ್ದವರಿಗೆ ಮಾತ್ರ ಇದರ ಉಪಯೋಗ.

380 ರೂಪಾಯಿ ಮತ್ತೆ ಕೊಡುತ್ತೇನಾ? ಇಲ್ಲ. ಇದು ಬರೀ ಕ್ರೇಪ್ ರಬ್ಬರ್, ಹಳೇ ಕಾಲದ ಶೂಗಳ ಅಡಿಗೆ ಹಾಕುತ್ತಿದ್ದದ್ದೇ. ಸ್ಟೇಷನ್ ಹತ್ತಿರದ ಚಪ್ಪಲಿ ಹೊಲಿಯುವವರಲ್ಲಿ ಕೇಳಿದೆ, 40 ರೂಪಾಯಿಗೆ ದಪ್ಪನೆಯ ತುಂಡು ಕೊಟ್ಟರು. ಸ್ವಲ್ಪ ಗಟ್ಟಿ, ಎರಡು ಸಲ ಜಾಸ್ತಿ ಎಳೆಯಬೇಕು, ಉಳಿದಂತೆ ಏನೂ ವ್ಯತ್ಯಾಸವಿಲ್ಲ. ಕಳೆದ ಭಾನುವಾರ ಅದರಲ್ಲಿ ಅರ್ಧವನ್ನು ಅತ್ತಿಗೆ ಕತ್ತರಿಸಿಕೊಂಡು ಹೋದರು. ಅವರ ಪ್ಯಾಡಲ್‌ನ ಕಲೆ ಎಡ ಅಂಚಿನಲ್ಲಿದೆ.