ದುರ್ಗದಬೈಲ್‌ನಾಗ ತಗೊಂಡ ಕಾರ್ಬನ್ ಸ್ಟೀಲ್ ಚಾಕು, 8 ತಿಂಗಳ ಆದಮ್ಯಾಲೆ

ಹುಬ್ಬಳ್ಳಿ ದುರ್ಗದಬೈಲ್ ಕಡೆ ಒಂದು ಸಣ್ಣ ಅಂಗಡ್ಯಾಗ ತಗೊಂಡಿದ್ದು, ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಸ್ಟೀಲ್, ಕಟ್ಟಿಗಿ ಹಿಡಿಕಿ. ಹರಿತ ಅಂದ್ರ ಹರಿತ ರೀ, ಹಣ್ಣಾದ ಟೊಮ್ಯಾಟೊನೂ ಒತ್ತದಂಗ ಹೆಚ್ಚತೈತಿ.

ಮೊದಲನೇ ದಿನಾನ ಉಳ್ಳಾಗಡ್ಡಿ ಹೆಚ್ಚಿ ನಿಂಬಿಹಣ್ಣು ಕೊಯ್ದು ನೋಡ್ತೀನಿ, ಅಲಗು ನೀಲಿ-ಬೂದಿ ಬಣ್ಣಕ್ಕ ತಿರುಗಿತ್ತು, ನಮ್ಮವ್ವ "ಮಾಲು ಖೋಟಾ ಐತಿ, ವಾಪಸ್ ಕೊಟ್ಟ ಬಾ" ಅಂದ್ಲು. ಖೋಟಾ ಅಲ್ಲ ರೀ. ಸ್ಟೇನ್‌ಲೆಸ್‌ನಾಗ ಕನಿಷ್ಠ 10.5% ಕ್ರೋಮಿಯಂ ಇರತೈತಿ, ಅದು ಕಣ್ಣಿಗೆ ಕಾಣದಂಥ ಪದರಾ ಕಟ್ಟಿ ಕಬ್ಬಿಣಾ ಕಾಯತೈತಿ, ಇದ್ರಾಗ ಅಷ್ಟು ಇರಂಗಿಲ್ಲ, ಹಂಗಾಗಿ ಹುಳಿ ತಾಗಿದ ಕೂಡ್ಲೆ ಬಣ್ಣ ಬದಲಾಗತೈತಿ. ಆ ಕರಿ ಬಣ್ಣ ಗಟ್ಟಿಯಾಗಿ ಕುಂತ್ರ ಜಂಗ್ ತಡ್ಯಾಕ ಅದೂ ಸ್ವಲ್ಪ ಸಹಾಯ ಆಗತೈತಿ, ತಿಕ್ಕಿ ತಗೀಬ್ಯಾಡ್ರಿ.

ಕೆಂಪು ಜಂಗ್ ಬ್ಯಾರೆ. ಒಂದ ರಾತ್ರಿ ಹಸಿ ಚಾಕು ಸಿಂಕ್‌ನಾಗ ಬಿಟ್ಟು ಮಲಗಿದ್ದೆ, ಬೆಳಿಗ್ಗೆ ಹಿಡಿಕಿ ಹತ್ರ ಕೆಂಪ ಚುಕ್ಕಿ, ಮುಟ್ಟಿದ್ರ ಬೆರಳಿಗೆ ಹತ್ತತಿತ್ತು, ಅಡಿಗಿ ಸೋಡಾ ಹಚ್ಚಿ ತಿಕ್ಕಿದೆ, ಹೋತು, ಆದ್ರ ಅಲ್ಲಿ ಸಣ್ಣ ಸಣ್ಣ ಗುಣಿ ಉಳದಾವು. ಈಗ ಹೆಚ್ಚಿದ ಕೂಡ್ಲೆ ತೊಳ್ದು ಒರಸ್ತೀನಿ, ಎರಡು ದಿನ ಬಳಸಂಗಿಲ್ಲಂದ್ರ ಕೊಬ್ರಿ ಎಣ್ಣಿ ಸವರಿ ಇಡ್ತೀನಿ.

ಉಪ್ಪಿನಕಾಯಿ ಮಾವಿನಕಾಯಿಗೆ ಮಾತ್ರ ಇದು ಬ್ಯಾಡ, ಹೋಳು ಕರ್ರಗಾಗಿ ಕಬ್ಬಿಣದ ವಾಸನಿ ಹೊಡಿತೈತಿ. ಅದಕ್ಕ ಸ್ಟೇನ್‌ಲೆಸ್ಸೇ ಛಲೋ, ಆದ್ರ ಅದನ್ನೂ ಉಪ್ಪುನೀರಾಗ ನೆನಿಯಾಕ ಬಿಡಬ್ಯಾಡ್ರಿ, ಅದಕ್ಕೂ ಚುಕ್ಕಿ ಬೀಳತಾವು.

5ಕ್ಕ 4 ಸ್ಟಾರ್. ಇದನ್ನೆಲ್ಲಾ ಅಂಗಡಿಯವ್ರು ಮಾರೂಮುಂದ ಒಂದ ಮಾತು ಹೇಳಬೇಕಿತ್ತು, ಅದಕ್ಕ ಒಂದು ಕಡಿಮಿ.